ಟೀಮಿನ ಜೊತೆ ಪಾದ್ರಿ: ಸರ್ಕಾರಿ ಯೂನಿವರ್ಸಿಟಿಯಲ್ಲಿ ಇದು ಸರೀನಾ?

ಕಪಿಲೆ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ದಕ್ಷಿಣದ ಕಡೆಯ ಒಂದು ರಾಜ್ಯದಲ್ಲಿ. ಮಗಳು ಈ ವರ್ಷ ಇಲ್ಲಿನ ಒಂದು ಸ್ಟೇಟ್ ಯೂನಿವರ್ಸಿಟಿ ಸೇರಿದ್ದಾಳೆ, ವಾಲಿಬಾಲ್ ಟೀಮಿನಲ್ಲಿ ಲಿಬೆರೊ. ಅಂದರೆ ಬೇರೆ ಬಣ್ಣದ ಜೆರ್ಸಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಮಾತ್ರ ಆಡುವವಳು. ನಮ್ಮ ಮನೆಯವರ ಎತ್ತರಕ್ಕೆ ಸಿಗೋದು ಅದೊಂದೇ ಜಾಗ. ಆ ಜಾಗಕ್ಕೂ ಇನ್ನಿಬ್ಬರು ಕಾಯುತ್ತಿದ್ದಾರೆ. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು ಅನ್ನೋದು ಪೂರ್ತಿ ಕೋಚ್ ಕೈಯಲ್ಲಿ. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ. ಯೂನಿವರ್ಸಿಟಿ ಹೆಸರು ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

ಟೀಮಿಗೆ ಒಬ್ಬ ಚಾಪ್ಲೇನ್ ಇದ್ದಾರೆ. ತಂಡದ ಪಾದ್ರಿ ಅಂದುಕೊಳ್ಳಿ. ಯೂನಿವರ್ಸಿಟಿ ಸಂಬಳ ಕೊಡುವುದಿಲ್ಲವಂತೆ, ಹೊರಗಿನ ಒಂದು ಕ್ರೈಸ್ತ ಕ್ರೀಡಾ ಸಂಸ್ಥೆಯಿಂದ ಬರುತ್ತಾರೆ. ಆದರೆ ಟೀಮಿನ ಬಸ್ಸಲ್ಲೇ ಬರುತ್ತಾರೆ, ಟೀಮ್ ಇಳಿದುಕೊಳ್ಳುವ ಹೋಟೆಲಲ್ಲೇ ಇರುತ್ತಾರೆ, ಲಾಕರ್ ರೂಮಿಗೆ ಹೋಗುವ ಪಾಸ್ ಕೂಡ ಕತ್ತಿನಲ್ಲಿ ನೇತಾಡುತ್ತಿರುತ್ತದೆ. ಮನುಷ್ಯ ಒಳ್ಳೆಯವರೇ. ನಮ್ಮನ್ನು ಕಂಡಾಗ ನಗುತ್ತಾ ಮಾತಾಡಿಸಿದರು.

ಬೇರೆ ಊರಿನ ಮ್ಯಾಚ್ ಇದ್ದಾಗ ಹಿಂದಿನ ರಾತ್ರಿ ಹೋಟೆಲಿನ ಮೀಟಿಂಗ್ ರೂಮಿನಲ್ಲಿ ‘ಚಾಪೆಲ್’ ಅಂತ ಮಾಡುತ್ತಾರೆ. ಬೈಬಲ್ಲಿನ ಒಂದು ಭಾಗ, ಸ್ವಲ್ಪ ಮಾತು, ಕೊನೆಗೆ ಕೈ ಕೈ ಹಿಡಿದು ಪ್ರಾರ್ಥನೆ. ಮಗಳು ಅವತ್ತಿನ ವೇಳಾಪಟ್ಟಿಯ ಫೋಟೋ ಕಳಿಸಿದ್ದಳು. 7:30ಕ್ಕೆ ವಿಡಿಯೋ, 8:15ಕ್ಕೆ ಚಾಪೆಲ್ (ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಐಚ್ಛಿಕ’), 8:40ಕ್ಕೆ ಸ್ನ್ಯಾಕ್ಸ್. ಮೂರೂ ಒಂದೇ ರೂಮು. ವಿಡಿಯೋ ಮುಗಿದ ಮೇಲೆ ಬೇಡದವರು ಎಲ್ಲರ ಎದುರಿಗೆ ಎದ್ದು ಹೋಗಬೇಕು, ಇಪ್ಪತ್ತೈದು ನಿಮಿಷ ಬಿಟ್ಟು ಸ್ಯಾಂಡ್‌ವಿಚ್ ತಿನ್ನಲು ಮತ್ತೆ ಒಳಗೆ ಬರಬೇಕು. ಯಾರೂ ಏಳುವುದಿಲ್ಲ. ಇವಳೂ ಕೂರುತ್ತಿದ್ದಳು. ಹೋದ ಸಲ ಮಾತ್ರ ತಲೆನೋವು ಅಂತ ರೂಮಿಗೆ ಹೋಗಿದ್ದಾಳೆ. ಮರುದಿನ ಬೆಳಿಗ್ಗೆ ತಿಂಡಿ ಹೊತ್ತಲ್ಲಿ ಅಸಿಸ್ಟೆಂಟ್ ಕೋಚ್ ಬಂದು ‘ನಿನ್ನೆ ರಾತ್ರಿ ನೀನು ಕಾಣಲಿಲ್ಲ, ಎಲ್ಲ ಸರಿ ಇದೆ ತಾನೇ?’ ಅಂತ ಬಹಳ ಪ್ರೀತಿಯಿಂದಲೇ ಕೇಳಿದರಂತೆ. ಅಷ್ಟೇ ಆಗಿದ್ದು. ಆದರೆ ಅದಾದ ಮೇಲೆ ಇವಳ ತಲೆಯಲ್ಲಿ ಅದೇ ಕೊರೆಯುತ್ತಿದೆ.

ನಮ್ಮ ಯಜಮಾನರು ‘ಇಪ್ಪತ್ತು ನಿಮಿಷ ಕೂತರೆ ಗಂಟೇನು ಹೋಗುತ್ತೆ? ವಿವೇಕನಗರದ ಬಾಲಯೇಸು ಚರ್ಚಿಗೆ ಗುರುವಾರ ನಾವೇ ಮೇಣದಬತ್ತಿ ಹಚ್ಚಿ ಬರುತ್ತಿರಲಿಲ್ವಾ?’ ಅನ್ನುತ್ತಾರೆ. ಹಚ್ಚುತ್ತಿದ್ದೆವು, ನಿಜ. ಆದರೆ ಅಲ್ಲಿ ನಾವು ನಮ್ಮಿಷ್ಟಕ್ಕೆ ಹೋಗಿದ್ದು. ಬಂದಿಲ್ಲ ಅಂತ ಯಾರೂ ಗಮನಿಸುತ್ತಿರಲಿಲ್ಲ.

ತಿಳಿದವರು ಹೇಳಿ. ಸರ್ಕಾರಿ ಯೂನಿವರ್ಸಿಟಿಯಲ್ಲಿ ಇದಕ್ಕೆ ಅವಕಾಶ ಇದೆಯಾ? ಇದ್ದರೆ ಎಷ್ಟರ ಮಟ್ಟಿಗೆ? ಮಗಳಿಗೆ ತೊಂದರೆ ಆಗದ ಹಾಗೆ ಯಾರ ಹತ್ತಿರ ಮಾತಾಡಬಹುದು?

---

ಕರಿಕೋಟು

ಕಾನೂನು ಓದಿದ್ದೇನೆ, ಆದರೆ ಇದು ವಕೀಲರ ಸಲಹೆ ಅಂತ ತಗೋಬೇಡಿ. ಗೊತ್ತಿರೋದು ಹೇಳುತ್ತೇನೆ.

ಮೊದಲು ಖಾಸಗಿ ಯೂನಿವರ್ಸಿಟಿಗಳನ್ನು ಪಕ್ಕಕ್ಕಿಡಿ. ನೋಟರ್ ಡೇಮ್, ಬೇಲರ್, ಬ್ರಿಗಮ್ ಯಂಗ್ ಇವೆಲ್ಲ ಧಾರ್ಮಿಕ ಸಂಸ್ಥೆಗಳೇ, ಅವರ ತಂಡದ ಜೊತೆ ಪಾದ್ರಿ ಇದ್ದರೆ ಯಾರೂ ಕೇಳುವ ಹಾಗಿಲ್ಲ. ಸ್ಟೇಟ್ ಯೂನಿವರ್ಸಿಟಿ ಅಂದರೆ ಸರ್ಕಾರ. ಅಲ್ಲಿ 1791ರ ಮೊದಲ ತಿದ್ದುಪಡಿ ಅನ್ವಯಿಸುತ್ತದೆ. ಆ ತಿದ್ದುಪಡಿಯಲ್ಲಿ ಧರ್ಮದ ಬಗ್ಗೆ ಎರಡು ಮಾತಿದೆ. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು, ಯಾರ ಧರ್ಮಾಚರಣೆಗೂ ಅಡ್ಡ ಬರಬಾರದು. ಚಾಪ್ಲೇನ್ ಬೇಡ ಅನ್ನುವವರು ಮೊದಲನೆಯದನ್ನು ಹಿಡಿದುಕೊಳ್ಳುತ್ತಾರೆ, ಬೇಕು ಅನ್ನುವವರು ಎರಡನೆಯದನ್ನು. ಜಗಳ ಮುಗಿಯದಿರುವುದು ಇದಕ್ಕೇ.

ಸ್ಕೂಲ್ ಮಕ್ಕಳ ವಿಷಯದಲ್ಲಿ ಕೋರ್ಟು ಮೊದಲಿಂದಲೂ ಬಿಗಿ. 1962ರಲ್ಲಿ ಸರ್ಕಾರಿ ಶಾಲೆಯ ಪ್ರಾರ್ಥನೆ ಹೋಯಿತು, 1992ರಲ್ಲಿ ಪದವಿ ಪ್ರದಾನದ ಪ್ರಾರ್ಥನೆ, 2000ದಲ್ಲಿ ಟೆಕ್ಸಾಸಿನ ಸಾಂಟಾ ಫೇ ಶಾಲೆಯ ಫುಟ್‌ಬಾಲ್ ಮ್ಯಾಚಿಗೆ ಮೊದಲು ಮೈಕಿನಲ್ಲಿ ಮಾಡುತ್ತಿದ್ದ ಪ್ರಾರ್ಥನೆ. ಆದರೆ ಕಾಲೇಜಿನವರು ವಯಸ್ಕರು, ಅಷ್ಟು ಸುಲಭಕ್ಕೆ ಒತ್ತಡಕ್ಕೆ ಬಗ್ಗುವುದಿಲ್ಲ ಅಂತ ಕೋರ್ಟುಗಳು ಸ್ವಲ್ಪ ಸಡಿಲ ಬಿಡುತ್ತವೆ.

ಇದರಲ್ಲಿ ನಮ್ಮವರಿಗೆ ಹತ್ತಿರದ ಒಂದು ಕೇಸಿದೆ. ಟೆನೆಸ್ಸೀ ಸ್ಟೇಟ್ ಯೂನಿವರ್ಸಿಟಿಯಲ್ಲಿ ಭಾರತದಿಂದ ಬಂದ ಹಿಂದೂ ಪ್ರೊಫೆಸರ್ ಚೌಧುರಿ ಅಂತ ಒಬ್ಬರು, ಯೂನಿವರ್ಸಿಟಿ ಸಮಾರಂಭಗಳಲ್ಲಿ ಪ್ರಾರ್ಥನೆ ಬೇಡ ಅಂತ ದಾವೆ ಹಾಕಿದರು. ಯೂನಿವರ್ಸಿಟಿ ಪ್ರಾರ್ಥನೆ ಬಿಟ್ಟು ಒಂದು ನಿಮಿಷ ಮೌನ ಅಂತ ಇಟ್ಟಿತು. ಸಮಾರಂಭದ ದಿನ ಆ ಮೌನದ ಹೊತ್ತಿನಲ್ಲೇ ಸಭೆಯಲ್ಲಿದ್ದ ಕೆಲವರು ಜೋರಾಗಿ ಕ್ರೈಸ್ತ ಪ್ರಾರ್ಥನೆ ಹೇಳಿದರು, ಚಪ್ಪಾಳೆಯೂ ಬಿತ್ತು! 1997ರಲ್ಲಿ ಮೇಲ್ಮನವಿ ಕೋರ್ಟು ಯೂನಿವರ್ಸಿಟಿ ಪರವಾಗಿ ತೀರ್ಪು ಕೊಟ್ಟಿತು. ಯಾರೂ ಬಲವಂತ ಮಾಡಿಲ್ಲ, ನೀವು ದೊಡ್ಡವರು, ಎದ್ದು ಹೋಗಬಹುದಿತ್ತು ಅನ್ನುವ ಧಾಟಿ.

ಹಾಗಂತ ಬಾಗಿಲು ಮುಚ್ಚಿದೆ ಅಂದುಕೊಳ್ಳಬೇಡಿ. 2003ರಲ್ಲಿ ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟ್ ಕೇಸಿನಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟು ತದ್ವಿರುದ್ಧ ಹೇಳಿತು. ಅದೂ ಸರ್ಕಾರಿ ಕಾಲೇಜು, ಅಲ್ಲಿನವರೂ ವಯಸ್ಕರು. ರಾತ್ರಿ ಊಟಕ್ಕೆ ಮೊದಲು ಎಲ್ಲರೂ ನಿಂತಿದ್ದಾಗ ಪ್ರಾರ್ಥನೆ ಹೇಳುತ್ತಿದ್ದರು. ಆ ಕಾಲೇಜಿನ ಶಿಸ್ತೇ ಹಾಗಿದೆ, ಹೇಳಿದ್ದನ್ನು ಮಾಡುವುದೇ ಅಲ್ಲಿನ ಬದುಕು, ಅಲ್ಲಿ ‘ಬೇಕಾದರೆ ಮಾಡು’ ಅನ್ನೋ ಮಾತಿಗೆ ಅರ್ಥವಿಲ್ಲ ಅಂತ ಕೋರ್ಟು ಪ್ರಾರ್ಥನೆ ನಿಲ್ಲಿಸಿತು. ನಿಮ್ಮ ಮಗಳ ಟೀಮು ಪದವಿ ಸಮಾರಂಭಕ್ಕಿಂತ ಇದಕ್ಕೇ ಹತ್ತಿರ ಅಂತ ನನಗನಿಸುತ್ತದೆ. ಯಾವ ತೀರ್ಪು ಅನ್ವಯಿಸುತ್ತದೆ ಅನ್ನೋದು ನೀವಿರುವ ರಾಜ್ಯದ ಮೇಲೆ ಹೋಗುತ್ತದೆ. ಆ ಕೋರ್ಟಿನ ವ್ಯಾಪ್ತಿಗೆ ಎರಡೂ ಕ್ಯಾರೊಲಿನಾ, ವರ್ಜೀನಿಯಾ ಬರುತ್ತವೆ. ಟೆನೆಸ್ಸೀ, ಕೆಂಟಕಿ ಆದರೆ ಚೌಧುರಿ ತೀರ್ಪು ಕೊಟ್ಟ ಕೋರ್ಟು.

ಆಮೇಲೆ 2022ರ ಕೆನಡಿ ತೀರ್ಪು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಹೈಸ್ಕೂಲಿನ ಫುಟ್‌ಬಾಲ್ ಅಸಿಸ್ಟೆಂಟ್ ಕೋಚ್ ಕೆನಡಿ ಮ್ಯಾಚ್ ಮುಗಿದ ಮೇಲೆ ಮೈದಾನದ ಮಧ್ಯೆ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದರು. ಸುಪ್ರೀಂ ಕೋರ್ಟು 6-3ರಲ್ಲಿ ಅವರ ಪರ ನಿಂತಿತು, ಅದು ಅವರ ಸ್ವಂತ ಪ್ರಾರ್ಥನೆ ಅಂದಿತು. ಸರ್ಕಾರ ಧರ್ಮಕ್ಕೆ ಒತ್ತು ಕೊಡುತ್ತಿದೆಯಾ ಅಂತ ಅಳೆಯಲು ಕೋರ್ಟುಗಳು 1971ರಿಂದ ಬಳಸುತ್ತಿದ್ದ ‘ಲೆಮನ್’ ಪರೀಕ್ಷೆಯನ್ನೂ ಪಕ್ಕಕ್ಕಿಟ್ಟು ಇನ್ನು ಮೇಲೆ ಇತಿಹಾಸ, ಸಂಪ್ರದಾಯ ನೋಡುತ್ತೇವೆ ಅಂದಿತು. ಅಲ್ಲಿಂದ ಚಾಪ್ಲೇನ್ ಪರದವರಿಗೆ ಬಲ ಬಂದಿದೆ. ಆದರೆ ಗಮನಿಸಿ, ಬಲವಂತ ಮಾಡಬಹುದು ಅಂತ ಆ ತೀರ್ಪು ಎಲ್ಲೂ ಹೇಳಿಲ್ಲ. ಅದೇ ಕೇಸಿನ ದಾಖಲೆಯಲ್ಲಿ ಒಬ್ಬ ಹುಡುಗನ ತಂದೆ ಹೇಳಿದ್ದಿದೆ: ಮಗ ನಾಸ್ತಿಕ, ಆದರೂ ಪ್ರಾರ್ಥನೆಗೆ ಸೇರುತ್ತಿದ್ದ, ಸೇರದಿದ್ದರೆ ಆಡಲು ಜಾಸ್ತಿ ಅವಕಾಶ ಸಿಗೋದಿಲ್ಲ ಅನ್ನೋ ಭಯಕ್ಕೆ.

ಕಾಲೇಜು ತಂಡದ ಚಾಪ್ಲೇನ್ ಬಗ್ಗೆ ನೇರವಾಗಿ ಸುಪ್ರೀಂ ಕೋರ್ಟು ಏನೂ ಹೇಳಿಲ್ಲ. ಆದ್ದರಿಂದ ‘ಇದು ಕಾನೂನುಬಾಹಿರ’ ಅಂತ ಪತ್ರ ಬರೆದರೆ ಯೂನಿವರ್ಸಿಟಿಯ ವಕೀಲರು ಒಂದು ಪುಟದ ಉತ್ತರ ಕಳಿಸಿ ಸುಮ್ಮನಾಗುತ್ತಾರೆ.

---

ಕುಡ್ಲ ಟು ಮೊಬೈಲ್

ಮೇಡಂ, ನಾನು ಮಂಗಳೂರು ಕಡೆಯ ಕ್ಯಾಥೊಲಿಕ್. ಅಲಬಾಮಾದಲ್ಲಿ ಬಹಳ ವರ್ಷದಿಂದ ಇದ್ದೇನೆ. ಮಗ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ, ಕಾಲೇಜಿನಲ್ಲೂ ಒಂದು ವರ್ಷ ಟೀಮಿನ ಜೊತೆ ಇದ್ದ. ಸ್ವಲ್ಪ ಇನ್ನೊಂದು ಕಡೆಯ ಮಾತೂ ಕೇಳಿ.

ಈ ಹುಡುಗರನ್ನು ಹತ್ತಿರದಿಂದ ನೋಡಿದ್ದೇನೆ. ಹದಿನೆಂಟು ವರ್ಷ. ಊರು ಬಿಟ್ಟು ಬಂದಿರುತ್ತಾರೆ. ಆಗಸ್ಟಿನ ಬಿಸಿಲಲ್ಲಿ ಅಭ್ಯಾಸ, ಮಂಡಿ ಹೋದರೆ ಇಡೀ ವರ್ಷ ಹೋದ ಹಾಗೆ. ಕೋಚ್ ಹತ್ತಿರ ಅಳೋ ಹಾಗಿಲ್ಲ, ಅತ್ತರೆ ಶನಿವಾರ ಆಡಿಸುವುದಿಲ್ಲ ಅಂತ ಭಯ. ಆಗ ಯಾರು ಸಿಗುತ್ತಾರೆ? ನನ್ನ ಮಗನ ಜೊತೆಗಾರನ ಅಪ್ಪ ತೀರಿಕೊಂಡಾಗ ರಾತ್ರೋರಾತ್ರಿ ಅವನನ್ನು ಕಾರಲ್ಲಿ ಕೂರಿಸಿಕೊಂಡು ಊರಿಗೆ ಬಿಟ್ಟು ಬಂದದ್ದು, ಮಣ್ಣಾಗುವವರೆಗೆ ಜೊತೆಗಿದ್ದದ್ದು ಚಾಪ್ಲೇನ್. ಯೂನಿವರ್ಸಿಟಿಯ ಕೌನ್ಸೆಲರ್ ಅಪಾಯಿಂಟ್‌ಮೆಂಟ್ ಅದಾದ ಮೇಲೆ ಸಿಕ್ಕಿತು.

ಸೇನೆಯಲ್ಲಿ ಚಾಪ್ಲೇನ್ ಇದ್ದಾರೆ, ಜೈಲಲ್ಲಿ ಇದ್ದಾರೆ. ಅಮೆರಿಕದ ಸಂಸತ್ತಿನಲ್ಲೇ 1789ರಿಂದ ಇದ್ದಾರೆ, ಅದೂ ಸರ್ಕಾರಿ ಸಂಬಳದಲ್ಲಿ. ನೆಬ್ರಾಸ್ಕಾ ಶಾಸನಸಭೆಯ ಚಾಪ್ಲೇನ್ ವಿಷಯ ಕೋರ್ಟಿಗೆ ಹೋದಾಗ 1983ರಲ್ಲಿ ಸುಪ್ರೀಂ ಕೋರ್ಟು ಸರಿ ಅಂದಿತು. ಶಾಸಕರಿಗೆ ಸಂಬಳ ಕೊಟ್ಟು ಪಾದ್ರಿ ಇಡಬಹುದು, ಹುಡುಗರಿಗೆ ಸಂಬಳ ಇಲ್ಲದ ಪಾದ್ರಿ ಇಡಬಾರದು ಅಂದರೆ ಹೇಗೆ? ಟೀಮಿನ ಬಹುಪಾಲು ಹುಡುಗರು ಚರ್ಚಿಗೆ ಹೋಗಿ ಬೆಳೆದವರು. ಅವರಿಗೂ ಹಕ್ಕಿದೆ ಅಲ್ವಾ?

ಒಂದು ಮಾತು ಮಾತ್ರ ಒಪ್ಪುತ್ತೇನೆ. ಈ ಚಾಪೆಲ್‌ಗಳು ಎಲ್ಲ ಕ್ರೈಸ್ತರದ್ದೂ ಅಲ್ಲ. ಅದು ಇವ್ಯಾಂಜೆಲಿಕಲ್ ಪಂಥದವರ ರೀತಿ. ‘ಇವತ್ತು ನಿನ್ನ ಬದುಕನ್ನು ಯೇಸುವಿಗೆ ಒಪ್ಪಿಸುತ್ತೀಯಾ, ಕೈ ಎತ್ತು’ ಅಂತ ಕೇಳುತ್ತಾರೆ. ಹುಟ್ಟಿದಾಗಲೇ ಜ್ಞಾನಸ್ನಾನ ಆದ ನನ್ನ ಮಗನಿಗೆ ‘ನೀನಿನ್ನೂ ರಕ್ಷಣೆ ಹೊಂದಿಲ್ಲ’ ಅಂತ ಒಬ್ಬರು ಹೇಳಿದ್ದರು. ಮನೆಗೆ ಬಂದು ಅವರಮ್ಮನಿಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಆದರೂ ಚಾಪ್ಲೇನ್ ತೆಗೆಯಿರಿ ಅಂತ ನಾವು ಕೇಳಲಿಲ್ಲ, ಕೇಳೋದೂ ಇಲ್ಲ.

---

ಹಳೇ ಬ್ಯಾಟ್

ಸುಮ್ನೆ ಕೂತು ಬರಲಿ ಬಿಡಿ ಅಕ್ಕ. ನಮ್ಮ ಕಡೆ ಸರ್ಕಾರಿ ಕಾಲೇಜಿನ ಸ್ಪೋರ್ಟ್ಸ್ ರೂಮಲ್ಲಿ ಆಯುಧಪೂಜೆ ದಿನ ಬ್ಯಾಟಿಗೂ ನೆಟ್ಟಿಗೂ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು ಮಂಡಕ್ಕಿ ಹಂಚುತ್ತಾರೆ. ಟೀಮಲ್ಲಿರೋ ಸಲೀಂ, ಡಿಸೋಜ ಎಲ್ಲ ಬಂದು ನಿಂತುಕೊಳ್ಳುತ್ತಾರೆ. ಅವರೇನು ಫೋರಂ ಸೇರಿ ಪ್ರಶ್ನೆ ಹಾಕಿದ್ರಾ? ನಾವು ಮೆಜಾರಿಟಿ ಆಗಿದ್ದಾಗ ಸಂಸ್ಕೃತಿ, ಮೈನಾರಿಟಿ ಆದಾಗ ಸಂವಿಧಾನ. ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳಿದೆ.

---

ಕಪಿಲೆ ದಂಡೆ

ಹಳೇ ಬ್ಯಾಟ್, ಬೇಜಾರಿಲ್ಲ. ಸಲೀಂಗೆ ಕೇಳಬೇಕು ಅಂತ ಅನಿಸಿತ್ತಾ ಇಲ್ವಾ ಅಂತ ನಮಗೆ ಗೊತ್ತಿಲ್ಲ, ಯಾಕೆಂದರೆ ನಾವ್ಯಾರೂ ಅವನನ್ನು ಕೇಳಲಿಲ್ಲ. ನನ್ನ ಮಗಳನ್ನೂ ಅಲ್ಲಿ ಯಾರೂ ಕೇಳುತ್ತಿಲ್ಲ. ಅದೇ ನನ್ನ ತಕರಾರು.

ಕುಡ್ಲದವರೇ, ಆ ಹುಡುಗನ ಅಪ್ಪನ ವಿಷಯ ಓದಿ ಮನಸ್ಸಿಗೆ ತಟ್ಟಿತು. ನಮ್ಮ ಚಾಪ್ಲೇನ್ ಕೂಡ ಅಂಥವರೇ ಇರಬಹುದು. ನನಗೆ ಆ ಮನುಷ್ಯನ ಮೇಲೆ ದೂರಿಲ್ಲ.

---

ಮೇಷ್ಟ್ರು ಮಿಡ್‌ವೆಸ್ಟ್

ನಾನು ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತೇನೆ. ಈ ಚರ್ಚೆ ನಮ್ಮಂಥ ಕಡೆ ಆಗಾಗ ಏಳುತ್ತದೆ, ಒಂದೆರಡು ವಾರ ಇಮೇಲ್ ಹಾರಾಡುತ್ತವೆ, ಮುಂದಿನ ಮ್ಯಾಚ್ ಗೆದ್ದರೆ ಎಲ್ಲರೂ ಮರೆಯುತ್ತಾರೆ.

ಕುಡ್ಲದವರು ಸೇನೆಯ ಮಾತು ತೆಗೆದರು. ಸೇನಾ ಚಾಪ್ಲೇನ್ ಬಗ್ಗೆ 1985ರಲ್ಲಿ ಮೇಲ್ಮನವಿ ಕೋರ್ಟಿನ ತೀರ್ಪಿದೆ. ಅದರ ತರ್ಕ ಏನೆಂದರೆ, ಸರ್ಕಾರ ಸೈನಿಕನನ್ನು ಅವನ ಊರು, ಅವನ ಚರ್ಚಿನಿಂದ ದೂರ ಕರೆದುಕೊಂಡು ಹೋಗಿರುತ್ತದೆ, ಅವನು ಬೇಕೆಂದರೂ ಪ್ರಾರ್ಥನೆಗೆ ಹೋಗಲಾರ, ಆದ್ದರಿಂದ ಸರ್ಕಾರವೇ ವ್ಯವಸ್ಥೆ ಮಾಡಬೇಕು. ಜೈಲಿಗೂ ಇದೇ ಮಾತು. ಅಮೆರಿಕದ ದಕ್ಷಿಣದ ಕಾಲೇಜು ಊರಲ್ಲಿ ಚರ್ಚಿಗೆ ಬರ ಇದೆಯಾ? ಕ್ಯಾಂಪಸ್ ಗೇಟಿನಿಂದ ಕಲ್ಲೆಸೆದರೆ ಮೂರು ಚರ್ಚಿನ ಮೇಲೆ ಬೀಳುತ್ತದೆ. ಹೋಗುವವರು ನಡೆದೇ ಹೋಗಬಹುದು. ಇನ್ನು ಶಾಸನಸಭೆಯಲ್ಲಿ ಶಾಸಕನಿಗೆ ಚಾಪ್ಲೇನ್ ಏನೂ ಮಾಡಲಾರ. ಅವನನ್ನು ಬೆಂಚಿನ ಮೇಲೆ ಕೂರಿಸುವ ಕೋಚ್ ಇಲ್ಲ.

ವಿಷಯದ ಗಂಟು ಇರುವುದು ಇಲ್ಲೇ. ಪಾದ್ರಿ ಯಾರು, ಸಂಬಳ ಯಾರದು ಅನ್ನೋದಕ್ಕಿಂತ, ಅವರನ್ನು ಕರೆತಂದವರು ಯಾರು ಅಂತ ಕೇಳಿ. ಹೆಚ್ಚಿನ ಕಡೆ ಹೆಡ್ ಕೋಚ್. ಕೋಚ್ ಹೊಸದಾಗಿ ಬಂದಾಗ ಅವರ ಜೊತೆ ಅವರಿಗೆ ಬೇಕಾದ ಚಾಪ್ಲೇನ್ ಬರುತ್ತಾರೆ. ವಿದ್ಯಾರ್ಥಿಗಳು ಕೂತು ‘ನಮಗೊಬ್ಬ ಪಾದ್ರಿ ಬೇಕು’ ಅಂತ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಅಯೋವಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 2007ರಲ್ಲಿ ನಡೆದದ್ದು ನೋಡಿ. ಹೊಸ ಫುಟ್‌ಬಾಲ್ ಕೋಚ್ ಜೀನ್ ಚಿಜಿಕ್ ಬಂದರು, ತಂಡಕ್ಕೊಬ್ಬ ಧಾರ್ಮಿಕ ಮಾರ್ಗದರ್ಶಿ ಬೇಕು ಅಂದರು. ನೂರಕ್ಕೂ ಹೆಚ್ಚು ಅಧ್ಯಾಪಕರು ಬೇಡ ಅಂತ ಸಹಿ ಹಾಕಿದರು. ಏನಾಯಿತು? ಹುದ್ದೆಗೆ ‘ಜೀವನ ಕೌಶಲ ಸಹಾಯಕ’ ಅನ್ನೋ ಥರ ಹೆಸರಿಟ್ಟರು, ದುಡ್ಡು ದಾನಿಗಳಿಂದ ತಂದರು, ಆಯಿತು. ಚಿಜಿಕ್ ಎರಡು ವರ್ಷಕ್ಕೆ ಆಬರ್ನ್ ಯೂನಿವರ್ಸಿಟಿಗೆ ಹೋದರು, 2010ರ ಸೀಸನ್ನಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಗೆದ್ದ ಮೇಲೆ ಯಾವ ಅಧ್ಯಾಪಕರ ಸಹಿ ಯಾರಿಗೆ ಬೇಕು!

‘ಯೂನಿವರ್ಸಿಟಿ ದುಡ್ಡಲ್ಲ’ ಅನ್ನುವುದು ಎಲ್ಲ ಕಡೆ ಸಿಗುವ ಸಿದ್ಧ ಉತ್ತರ. ಆದರೆ ಬಸ್ಸು ಯಾರದು, ಹೋಟೆಲ್ ರೂಮು ಯಾರದು, ಲಾಕರ್ ರೂಮಿನ ಪಾಸ್ ಯಾರು ಕೊಟ್ಟದ್ದು? ಇದೇ ಊರಿನ ಇಮಾಮರೋ, ದೇವಸ್ಥಾನದ ಅರ್ಚಕರೋ ನಾನೂ ಬರುತ್ತೇನೆ ಅಂದರೆ ಆ ಪಾಸ್ ಸಿಗುತ್ತದಾ?

ವಿಸ್ಕಾನ್ಸಿನ್ನಿನ ಮ್ಯಾಡಿಸನ್ನಿನಲ್ಲಿ ‘ಫ್ರೀಡಂ ಫ್ರಂ ರಿಲಿಜನ್ ಫೌಂಡೇಶನ್’ ಅಂತ ಒಂದು ಸಂಸ್ಥೆ ಇದೆ. ಈ ವಿಷಯದ ಹಿಂದೆ ಬಿದ್ದಿರುವುದು ಮುಖ್ಯವಾಗಿ ಅವರೇ. 2014ರಲ್ಲಿ ಸೌತ್ ಕ್ಯಾರೊಲಿನಾದ ಕ್ಲೆಮ್ಸನ್ ಯೂನಿವರ್ಸಿಟಿಗೆ ದೂರು ಬರೆದರು. ಕೋಚ್ ಡಾಬೊ ಸ್ವಿನ್ನಿ ಚಾಪ್ಲೇನನ್ನು ತಾವೇ ಆರಿಸಿದ್ದಾರೆ, ಟೀಮಿನವರನ್ನು ಚರ್ಚಿಗೆ ಕರೆದುಕೊಂಡು ಹೋಗುವ ದಿನ ಅಂತಲೇ ಇದೆ, 2012ರಲ್ಲಿ ಅಭ್ಯಾಸದ ಮೈದಾನದಲ್ಲೇ ಒಬ್ಬ ಆಟಗಾರನಿಗೆ ಬ್ಯಾಪ್ಟಿಸಂ ಮಾಡಿಸಿದರು, ಹೀಗೆ. ಎಲ್ಲವೂ ಸ್ವಇಚ್ಛೆಯಿಂದ, ಯಾರಿಗೂ ಬಲವಂತ ಇಲ್ಲ ಅಂತ ಯೂನಿವರ್ಸಿಟಿ ಉತ್ತರ ಕೊಟ್ಟಿತು. 2015ರಲ್ಲಿ ಅದೇ ಸಂಸ್ಥೆ ಹಲವು ಸರ್ಕಾರಿ ಯೂನಿವರ್ಸಿಟಿಗಳ ದಾಖಲೆ ತೆಗೆಸಿ ಒಂದು ವರದಿಯನ್ನೇ ಹೊರತಂದಿತು. 2023ರ ಜನವರಿಯಲ್ಲಿ ಕೊಲೊರಾಡೋ ಯೂನಿವರ್ಸಿಟಿಯ ಹೊಸ ಕೋಚ್ ಡಿಯಾನ್ ಸ್ಯಾಂಡರ್ಸ್ ಮೀಟಿಂಗುಗಳಲ್ಲಿ ಪ್ರಾರ್ಥನೆ ಮಾಡಿಸಿದ್ದಕ್ಕೆ ಪತ್ರ ಬರೆದಾಗ ಮಾತ್ರ, ಕೋಚ್‌ಗೆ ಗಡಿ ಎಲ್ಲಿ ಅಂತ ತಿಳಿಸಿದ್ದೇವೆ ಅಂತ ಯೂನಿವರ್ಸಿಟಿ ಹೇಳಿತು. ಇದರಿಂದ ಕಾಣೋದೇನು? ದೂರಿಗೆ ಎಲ್ಲ ಕಡೆ ಒಂದೇ ಉತ್ತರ ಸಿಗೋದಿಲ್ಲ. ಊರು ನೋಡಿ ಉತ್ತರ.

ಕೆಟ್ಟದಾಗಿ ಹೋದದ್ದೂ ಇದೆ. ನ್ಯೂ ಮೆಕ್ಸಿಕೋ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ತಂಡದ ಮುಸ್ಲಿಂ ಆಟಗಾರರು, ಅಭ್ಯಾಸದ ನಂತರ ಕ್ರೈಸ್ತ ಪ್ರಾರ್ಥನೆ ಹೇಳಿಸುತ್ತಿದ್ದರು, ತಮ್ಮ ಧರ್ಮದ ಕಾರಣಕ್ಕೇ ತಮ್ಮನ್ನು ತಂಡದಿಂದ ತೆಗೆದರು ಅಂತ 2006ರಲ್ಲಿ ಕೋರ್ಟಿಗೆ ಹೋದರು. ಮರುವರ್ಷ ರಾಜಿಯಲ್ಲಿ ಮುಗಿಯಿತು, ಆದ್ದರಿಂದ ಆರೋಪ ನಿಜವೋ ಸುಳ್ಳೋ ಅಂತ ಕೋರ್ಟು ಹೇಳಲಿಲ್ಲ. ಆದರೆ ಹುಡುಗರು ಆಟ ಕಳೆದುಕೊಂಡರು, ಅದಂತೂ ವಾಪಸ್ ಬರಲಿಲ್ಲ.

ಹಳೇ ಬ್ಯಾಟ್ ಕೇಳಿದ್ದು ಸರಿಯಾದ ಪ್ರಶ್ನೆಯೇ. ನಮ್ಮ ಸಂವಿಧಾನದ 28ನೇ ವಿಧಿ ನೋಡಿ. ಪೂರ್ತಿ ಸರ್ಕಾರಿ ದುಡ್ಡಲ್ಲಿ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು ಅಂತಿದೆ. ಸರ್ಕಾರದ ಮಾನ್ಯತೆಯೋ ನೆರವೋ ಇರುವ ಕಡೆ ಒಪ್ಪಿಗೆ ಇಲ್ಲದೆ ಯಾರನ್ನೂ ಪ್ರಾರ್ಥನೆಗೆ ಕೂರಿಸುವ ಹಾಗಿಲ್ಲ, ಓದುವವರು ಚಿಕ್ಕವರಾದರೆ ಪೋಷಕರ ಒಪ್ಪಿಗೆ ಬೇಕು. ನಾವು ಅದನ್ನು ಪಾಲಿಸದಿದ್ದರೆ ಅದು ನಮ್ಮ ತಪ್ಪು. ಅದನ್ನೇ ತೋರಿಸಿ ಇಲ್ಲೂ ಹಾಗೇ ಇರಲಿ ಅನ್ನುವುದು ಯಾವ ನ್ಯಾಯ?

---

ಕುಡ್ಲ ಟು ಮೊಬೈಲ್

ಮೇಷ್ಟ್ರೇ, ಚರ್ಚು ಪಕ್ಕದಲ್ಲೇ ಇದೆ ಅಂದಿರಿ. ಭಾನುವಾರ ಬೆಳಿಗ್ಗೆ ಟೀಮು ಬಸ್ಸಲ್ಲಿ ಇರುತ್ತೆ, ಇಲ್ಲಾ ರಾತ್ರಿ ಮ್ಯಾಚ್ ಮುಗಿಸಿ ಬಂದು ಮಲಗಿರುತ್ತೆ. ವಾರವಿಡೀ ಅಭ್ಯಾಸ, ಕ್ಲಾಸು, ಜಿಮ್ಮು. ಸೀಸನ್ನಿನಲ್ಲಿ ಅವರ ದಿನ ಅವರದಲ್ಲ, ಯೂನಿವರ್ಸಿಟಿಯದ್ದು. ಹಾಗಾದರೆ ಸೈನಿಕನಿಗೂ ಇವರಿಗೂ ಅಷ್ಟೇನು ವ್ಯತ್ಯಾಸ?

---

ಮೇಷ್ಟ್ರು ಮಿಡ್‌ವೆಸ್ಟ್

ಇದು ಒಳ್ಳೆಯ ವಾದ, ಒಪ್ಪಿದೆ. ಆದರೆ ನೀವು ಹೇಳಿದ್ದು ನನ್ನ ಕಡೆಗೇ ಬರುತ್ತದೆ. ಅವರ ದಿನವೆಲ್ಲ ಕೋಚ್ ಕೈಯಲ್ಲಿದ್ದರೆ ಆ ದಿನದೊಳಗಿನ ‘ಐಚ್ಛಿಕ’ಕ್ಕೆ ಎಷ್ಟು ಬೆಲೆ? ಮತ್ತೆ, ಸೇನೆಯಲ್ಲಿ ಕ್ಯಾಥೊಲಿಕ್, ಯಹೂದಿ, ಮುಸ್ಲಿಂ, ಹಿಂದೂ ಚಾಪ್ಲೇನ್‌ಗಳೂ ಇದ್ದಾರೆ. ವಾಲಿಬಾಲ್ ಟೀಮಿನ ಬಸ್ಸಲ್ಲಿ ಸೀಟು ಒಂದೇ.

---

ಟ್ರ್ಯಾಕ್ ಹುಡುಗ

ಹಾಯ್ ಆಂಟಿ. ನಾನು ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಬರೆಯೋದು ಅಜ್ಜಿ ಕಲಿಸಿದ್ದು, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಸ್ಟೇಟ್ ಯೂನಿವರ್ಸಿಟಿಯಲ್ಲಿ 800 ಮೀಟರ್ ಓಡುತ್ತಿದ್ದೆ. ನಮ್ಮ ಟೀಮಲ್ಲೂ ಚಾಪ್ಲೇನ್ ಇದ್ದರು.

ನಿಜ ಹೇಳಬೇಕು ಅಂದರೆ ಓಟಗಾರರಿಗೆ ಇದು ಸುಲಭ. ನನ್ನ ಟೈಮ್ ನನ್ನ ಟೈಮ್, ಗಡಿಯಾರ ನಾನು ಚಾಪೆಲ್‌ಗೆ ಹೋಗಿದ್ದೆನಾ ಅಂತ ಕೇಳೋದಿಲ್ಲ. ವಾಲಿಬಾಲ್ ಹಾಗಲ್ಲ. ನಿಮ್ಮ ಮಗಳ ಭಯ ನನಗೆ ಅರ್ಥ ಆಗುತ್ತದೆ.

ನಾವು ಮೂರು ಜನ ಹೋಗುತ್ತಿರಲಿಲ್ಲ. ನಾನು, ಒಬ್ಬ ಯಹೂದಿ ಹುಡುಗ, ಇನ್ನೊಬ್ಬಳು ಯಾವುದನ್ನೂ ನಂಬದವಳು. ಚಾಪೆಲ್ ನಡೆಯುವಾಗ ಹೋಟೆಲಿನ ಐಸ್ ಮಶೀನ್ ಪಕ್ಕ ಕಾರ್ಪೆಟ್ ಮೇಲೆ ಕೂತು ಕಾರ್ಡ್ಸ್ ಆಡುತ್ತಿದ್ದೆವು. ಮೂರು ಜನ ಇದ್ದೆವು ಅಂತ ನಡೀತು. ಒಬ್ಬನೇ ಆಗಿದ್ದರೆ ನಾನೂ ಒಳಗೇ ಕೂತಿರುತ್ತಿದ್ದೆ.

ಆಂಟಿ, ದಯವಿಟ್ಟು ನೀವು ಕೋಚ್‌ಗೆ ಫೋನ್ ಮಾಡಬೇಡಿ. ಕಾಲೇಜಲ್ಲಿ ಅಮ್ಮ ಫೋನ್ ಮಾಡಿದರು ಅಂದರೆ ಆ ಹುಡುಗಿ ಕಥೆ ಮುಗೀತು. ಅವಳೇ ಮಾತಾಡಬೇಕು, ಅವಳಿಗೆ ಬೇಕು ಅನಿಸಿದರೆ ಮಾತ್ರ. ಮೊದಲು ಕ್ಯಾಪ್ಟನ್ ಹತ್ತಿರ. ಟೀಮಲ್ಲಿ ಇವಳ ಥರ ಕೂತಿರುವವರು ಇನ್ನೂ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ, ಬಾಯಿ ಬಿಟ್ಟಿರೋದಿಲ್ಲ ಅಷ್ಟೇ.

ಕೇಳೋದು ಏನು ಅನ್ನೋದು ಮುಖ್ಯ. ‘ಚಾಪ್ಲೇನ್ ತೆಗೀರಿ’ ಅಂದರೆ ಇಡೀ ಟೀಮು ಎದುರಾಳಿ ಆಗುತ್ತದೆ, ಆಮೇಲೆ ಊರಿನ ರೇಡಿಯೋದಲ್ಲೂ ಬರುತ್ತದೆ. ನಾವು ಕೇಳಿದ್ದು ಬಹಳ ಸಣ್ಣದು. ಚಾಪೆಲ್ ಬೇರೆ ರೂಮಲ್ಲಿ ಇರಲಿ, ಸ್ನ್ಯಾಕ್ಸ್ ಮುಗಿದ ಮೇಲೆ ಇರಲಿ, ಕೋಚ್‌ಗಳು ಯಾರೂ ಅಲ್ಲಿ ಬರದಿರಲಿ. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ ಆಂಟಿ. ಕೋಚ್ ಇಲ್ಲದ ರೂಮಲ್ಲಿ ಯಾರು ಬಂದರು, ಯಾರು ಬರಲಿಲ್ಲ ಅಂತ ಯಾರೂ ಲೆಕ್ಕ ಇಡೋದಿಲ್ಲ. ನಮ್ಮಲ್ಲಿ ಅದಕ್ಕೆ ಒಪ್ಪಿದರು. ತಮಾಷೆ ಏನಂದರೆ, ಸ್ನ್ಯಾಕ್ಸ್ ನಂತರ ಅಂತ ಆದಮೇಲೆ ಚಾಪೆಲ್‌ಗೆ ಹೋಗುವವರು ಅರ್ಧಕ್ಕರ್ಧ ಕಡಿಮೆ ಆದರು. ಚಾಪ್ಲೇನ್ ಮಾತ್ರ ಅದರಿಂದ ಖುಷಿಯಾಗಿದ್ದರು, ಈಗ ಬರುವವರು ನಿಜವಾಗಿ ಬರುವವರು ಅಂತ ನನಗೇ ಹೇಳಿದರು.

ಕ್ಯಾಪ್ಟನ್ ಹತ್ತಿರ ಆಗಲಿಲ್ಲ ಅಂದರೆ ಅಥ್ಲೆಟಿಕ್ಸ್ ಡಿಪಾರ್ಟ್‌ಮೆಂಟಿಗೆ ಹೋಗೋ ಮೊದಲು ಫ್ಯಾಕಲ್ಟಿ ಅಥ್ಲೆಟಿಕ್ಸ್ ರೆಪ್ರೆಸೆಂಟೇಟಿವ್ ಅಂತ ಇರುತ್ತಾರೆ. ಎನ್‌ಸಿಎಎ ಅಂದರೆ ಇಲ್ಲಿ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ, ಅದರ ಎಲ್ಲ ಕಾಲೇಜಲ್ಲೂ ಒಬ್ಬರು ಇರಲೇಬೇಕು. ಅವರು ಪ್ರೊಫೆಸರ್, ಕೋಚ್ ಕೈಕೆಳಗೆ ಇಲ್ಲ. ಆಟಗಾರರದ್ದೇ ಒಂದು ಸಲಹಾ ಸಮಿತಿಯೂ ಇರುತ್ತದೆ, ಅದರಲ್ಲಿ ಪ್ರತಿ ಟೀಮಿನವರೂ ಇರುತ್ತಾರೆ.

---

ಕರಿಕೋಟು

ಟ್ರ್ಯಾಕ್ ಹುಡುಗ ಹೇಳಿದ್ದು ಕಾನೂನಿನ ದೃಷ್ಟಿಯಿಂದಲೂ ಒಳ್ಳೆಯ ದಾರಿ. ಒಂದೇ ಒಂದು ಸೇರಿಸುತ್ತೇನೆ. ಮಗಳು ಆ ವೇಳಾಪಟ್ಟಿಗಳ ಫೋಟೋ ಎಲ್ಲ ಇಟ್ಟುಕೊಂಡಿರಲಿ. ಕೋಚ್ ಏನಾದರೂ ಕೇಳಿದರೆ ಅವತ್ತೇ ತಾರೀಖು ಹಾಕಿ ಬರೆದಿಡಲಿ. ಜಗಳಕ್ಕೆ ಅಂತಲ್ಲ. ನಾಳೆ ಅವಳನ್ನು ಬೆಂಚಿಗೆ ಕೂರಿಸಿದರೆ ಅದು ಆಟದ ಕಾರಣಕ್ಕೋ ಇದಕ್ಕೋ ಅಂತ ಯೋಚಿಸಲು ಕೈಯಲ್ಲಿ ಏನಾದರೂ ಇರಬೇಕು.

---

ಕಪಿಲೆ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ಥ್ರೆಡ್ ಪೂರ್ತಿ ಮಗಳಿಗೆ ಫೋನಲ್ಲಿ ಓದಿ ಹೇಳಿದೆ. ಐಸ್ ಮಶೀನ್ ಕಥೆಗೆ ಜೋರಾಗಿ ನಕ್ಕಳು. ಟೀಮಲ್ಲಿ ಸರ್ಬಿಯಾದಿಂದ ಬಂದ ಒಬ್ಬಳು ಹುಡುಗಿ ಇದ್ದಾಳಂತೆ, ಆರ್ಥೊಡಾಕ್ಸ್ ಕ್ರೈಸ್ತಳು, ಅವಳಿಗೂ ಈ ಕೈ ಎತ್ತೋ ಪ್ರಾರ್ಥನೆ ಒಗ್ಗೋದಿಲ್ಲ ಅಂತ ಒಮ್ಮೆ ಅಂದಿದ್ದಳಂತೆ. ಮೊದಲು ಅವಳ ಜೊತೆ ಮಾತಾಡಿ, ಇಬ್ಬರೂ ಸೇರಿ ಕ್ಯಾಪ್ಟನ್ ಹತ್ತಿರ ಹೋಗುತ್ತೇವೆ ಅಂದಳು. ಬೇರೆ ರೂಮು, ಕೋಚ್ ಬೇಡ, ಅಷ್ಟೇ ಕೇಳುತ್ತಾರಂತೆ. ಸ್ನ್ಯಾಕ್ಸ್ ಮೊದಲಿಟ್ಟರೆ ಒಳ್ಳೇದು ಅಂತಲೂ ಸೇರಿಸಿದಳು. ಅದು ಹಸಿವಿಗೋ ಧರ್ಮಕ್ಕೋ ಗೊತ್ತಾಗಲಿಲ್ಲ.

ನಮ್ಮ ಯಜಮಾನರು ಇನ್ನೂ ‘ಇಷ್ಟು ಸಣ್ಣ ವಿಷಯಕ್ಕೆ’ ಅನ್ನುತ್ತಲೇ ಇದ್ದಾರೆ. ಆದರೆ ಕೆನಡಿ ಕೇಸಿನ ಆ ತಂದೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆ ಫ್ಯಾಕಲ್ಟಿ ರೆಪ್ರೆಸೆಂಟೇಟಿವ್ ಯಾರು ಅಂತ ಯೂನಿವರ್ಸಿಟಿ ವೆಬ್‌ಸೈಟಲ್ಲಿ ಎಲ್ಲಿ ನೋಡಬೇಕು? ನನಗೆ ಸಿಗಲಿಲ್ಲ.

---

ಟ್ರ್ಯಾಕ್ ಹುಡುಗ

ಯೂನಿವರ್ಸಿಟಿ ಸೈಟಲ್ಲಿ ಹುಡುಕಬೇಡಿ ಆಂಟಿ. ಟೀಮಿನ ಸ್ಕೋರು, ಟಿಕೆಟ್ಟು ಬರುವ ಅಥ್ಲೆಟಿಕ್ಸ್ ಸೈಟ್ ಬೇರೆ ಇರುತ್ತದಲ್ಲ, ಅದರಲ್ಲಿ ಸ್ಟಾಫ್ ಡೈರೆಕ್ಟರಿ ಅಂತ ಇರುತ್ತದೆ. ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಕಂಪ್ಲಯನ್ಸ್ ಆಫೀಸಿಗೆ (ನಿಯಮ ಪಾಲನೆ ನೋಡಿಕೊಳ್ಳೋರು) ಒಂದು ಇಮೇಲ್ ಹಾಕಿದರೆ ಹೇಳುತ್ತಾರೆ. ಆ ಇಮೇಲ್ ಕೂಡ ಅವಳೇ ಹಾಕಲಿ.